ನಿಮ್ಮ ಹೆಸರಿಗೆ ವಾರಂಟ್ ಇದೆಯೇ? ಸ್ಥಳೀಯ ನ್ಯಾಯಾಲಯದ ದಾಖಲೆಯಲ್ಲಿ ಹುಡುಕುವ ಬಗೆ

ಸಮನ್ಸ್ ಹಳೆಯ ವಿಳಾಸಕ್ಕೆ ಹೋಗುತ್ತದೆ. ‘ಮನೆಗೆ ಬೀಗ ಹಾಕಿದೆ’, ‘ಸದರಿಯವರು ಈ ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾ ಬರೆಸಿಕೊಂಡು ನ್ಯಾಯಾಲಯಕ್ಕೆ ವಾಪಸಾಗುತ್ತದೆ. ಒಂದೆರಡು ವಾಯಿದೆ ಹೀಗೇ ಕಳೆದ ಮೇಲೆ ವಾರಂಟ್ ಹೊರಡುತ್ತದೆ. ಊರು ಬಿಟ್ಟವರಿಗೆ, ಬಾಡಿಗೆ ಮನೆ ಬದಲಿಸಿದವರಿಗೆ, ಭದ್ರತೆಗೆಂದು ಚೆಕ್ ಬರೆದುಕೊಟ್ಟು ಮರೆತವರಿಗೆ ಇದಾವುದೂ ಗೊತ್ತಿರುವುದಿಲ್ಲ. ಗೊತ್ತಾಗುವುದು ಪಾಸ್‌ಪೋರ್ಟ್ ಪರಿಶೀಲನೆಗೆ ಠಾಣೆಗೆ ಹೋದಾಗ, ಇಲ್ಲವೇ ಬೆಳಗಿನ ಹೊತ್ತು ಬಾಗಿಲು ತಟ್ಟಿದ ಪೊಲೀಸರು ತಂದೆಯ ಹೆಸರನ್ನೂ ಸೇರಿಸಿ ‘ನೀವೇನಾ?’ ಎಂದು ಕೇಳಿದಾಗ.

ಇದನ್ನು ಮೊದಲೇ ನೋಡಿಕೊಳ್ಳಬಹುದು, ಬಹುಪಾಲು ಖರ್ಚಿಲ್ಲದೆ. ಆದರೆ ಎಲ್ಲಿ ಹುಡುಕಬೇಕು ಎಂಬಲ್ಲಿಯೇ ಬಹಳ ಜನ ಎಡವುತ್ತಾರೆ. ಅಮೆರಿಕದ ಹಲವು ಕೌಂಟಿಗಳಲ್ಲಿ ಷೆರಿಫ್ ಕಚೇರಿಯ ಜಾಲತಾಣದಲ್ಲಿ ಹೆಸರು ಟೈಪ್ ಮಾಡಿದರೆ ವಾರಂಟ್ ಇದೆಯೋ ಇಲ್ಲವೋ ತೋರಿಸುತ್ತದೆ. ಅಲ್ಲಿರುವ ನೆಂಟರಿಷ್ಟರಿಂದ ಅದನ್ನು ಕೇಳಿ ಇಲ್ಲಿಯೂ ಪೊಲೀಸ್ ಜಾಲತಾಣದಲ್ಲಿ ಅಂಥದ್ದೊಂದು ಪಟ್ಟಿಗಾಗಿ ತಡಕಾಡುವವರಿದ್ದಾರೆ. ಕರ್ನಾಟಕದಲ್ಲಿ ಸಾರ್ವಜನಿಕರು ಹೆಸರು ಹಾಕಿ ನೋಡುವಂಥ ವಾರಂಟ್ ಪಟ್ಟಿ ಇಲ್ಲ. ವಾರಂಟ್ ಇರುವುದು ಪ್ರಕರಣದ ಕಡತದೊಳಗೆ. ಹೊರಡಿಸುವುದು ನ್ಯಾಯಾಲಯ, ಜಾರಿ ಮಾಡುವುದು ಪೊಲೀಸರು, ಹಿಂಪಡೆಯುವುದು ಮತ್ತೆ ನ್ಯಾಯಾಲಯವೇ. ಆದ್ದರಿಂದ ಪ್ರಕರಣವನ್ನು ಹುಡುಕಿ. ಅದು ಸಿಕ್ಕರೆ ವಾರಂಟ್ ಅದರಲ್ಲೇ ಕಾಣುತ್ತದೆ.

ಮೊದಲು ಕೈಯಲ್ಲಿರುವ ಕಾಗದ ನೋಡಿ

ಹಳೆಯ ಸಮನ್ಸ್, ಜಾಮೀನಿನ ಆದೇಶ, ವಕೀಲರ ನೋಟಿಸ್, ಎಫ್‌ಐಆರ್ ಪ್ರತಿ, ಹೀಗೆ ಏನೇ ಸಿಕ್ಕರೂ ಮುಂದಿಟ್ಟುಕೊಳ್ಳಿ. ಅದರಲ್ಲಿ ಯಾವುದಾದರೊಂದು ಸಂಖ್ಯೆ ಇರುತ್ತದೆ. ಠಾಣೆಯ ಸಂಖ್ಯೆಗೆ ಊರಿಗೊಂದು ಹೆಸರು: ಕರಾವಳಿಯ ಕಾಗದಗಳಲ್ಲಿ ‘ಅ.ಕ್ರ.’, ಹಳೆ ಮೈಸೂರಿನ ಕಡೆ ‘ಮೊ.ಸಂ.’ ಅಥವಾ ‘ಮೊ.ನಂ.’, ಉತ್ತರ ಕರ್ನಾಟಕದಲ್ಲಿ ‘ಗುನ್ನೆ ನಂ.’ ಎಲ್ಲವೂ ಎಫ್‌ಐಆರ್ ಸಂಖ್ಯೆಯೇ. ನ್ಯಾಯಾಲಯದ ಸಂಖ್ಯೆ ಬೇರೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದ ಪ್ರಕರಣಕ್ಕೆ ‘ಸಿ.ಸಿ.’, ಸೆಷನ್ಸ್ ನ್ಯಾಯಾಲಯಕ್ಕೆ ಹೋದದ್ದಕ್ಕೆ ‘ಎಸ್.ಸಿ.’, ಖಾಸಗಿ ದೂರಿಗೆ ‘ಪಿ.ಸಿ.ಆರ್.’, ಜೀವನಾಂಶದಂಥ ಅರ್ಜಿಗಳಿಗೆ ‘ಕ್ರಿ.ಮಿಸ್.’ ಎಂಬ ಗುರುತು ಇರುತ್ತದೆ.

ಈ ಸಂಖ್ಯೆಗಳು ದಾರಿಯಲ್ಲಿ ಬದಲಾಗುತ್ತವೆ ಎಂಬುದನ್ನು ಮನಸ್ಸಿನಲ್ಲಿಡಿ. ಚೆಕ್ ಬೌನ್ಸ್ ದೂರು ಪಿ.ಸಿ.ಆರ್. ಆಗಿ ದಾಖಲಾಗಿ, ನ್ಯಾಯಾಧೀಶರು ಅದನ್ನು ವಿಚಾರಣೆಗೆ ಎತ್ತಿಕೊಂಡ ಮೇಲೆ ಸಿ.ಸಿ. ಸಂಖ್ಯೆ ಪಡೆಯುತ್ತದೆ. ಹಳೆಯ ಪಿ.ಸಿ.ಆರ್. ಸಂಖ್ಯೆ ಹಾಕಿ ನೋಡಿದವರಿಗೆ ‘ವಿಲೇವಾರಿಯಾಗಿದೆ’ ಎಂದು ಕಾಣುತ್ತದೆ, ಪೀಡೆ ಕಳೆಯಿತು ಎಂದುಕೊಂಡುಬಿಡುತ್ತಾರೆ.

ಕಾಗದವೇ ಇಲ್ಲದಿದ್ದರೆ ನೆನಪಿನಿಂದ ಮೂರು ವಿಷಯ ಬರೆದುಕೊಳ್ಳಿ: ಯಾರೊಂದಿಗೆ ತಕರಾರು, ಯಾವ ಠಾಣೆ ಅಥವಾ ಊರು, ಸುಮಾರು ಯಾವ ವರ್ಷ. ಇಷ್ಟಿದ್ದರೂ ಹುಡುಕಾಟ ಶುರು ಮಾಡಬಹುದು.

ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕುವುದು

ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳ ವಿವರ ‘ಇ-ಕೋರ್ಟ್ಸ್ ಸರ್ವೀಸಸ್’ ಜಾಲತಾಣದಲ್ಲಿ ಮತ್ತು ಅದೇ ಹೆಸರಿನ ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತದೆ. ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯಬೇಕು. ನೋಂದಣಿ ಬೇಡ, ಹಣವೂ ಬೇಡ. ‘ವಾರಂಟ್ ಚೆಕ್ ಮಾಡಿಕೊಡುತ್ತೇವೆ’ ಎಂದು ದುಡ್ಡು ಕೇಳುವ ಖಾಸಗಿ ತಾಣಗಳು ಮಾಡುವುದು ಇದನ್ನೇ ನೋಡಿ ಹೇಳುವ ಕೆಲಸ.

ಪ್ರಕರಣಕ್ಕೆ ಸಿಎನ್ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲೆರಡು ಅಕ್ಷರ ರಾಜ್ಯದ್ದು, ಕೊನೆಯ ನಾಲ್ಕು ಅಂಕಿ ವರ್ಷದ್ದು. ಅದು ಗೊತ್ತಿದ್ದರೆ ಮುಖಪುಟದಲ್ಲೇ ಹಾಕಿ, ಪಕ್ಕದ ಚಿತ್ರದಲ್ಲಿರುವ ಅಕ್ಷರಗಳನ್ನು ತುಂಬಿದರೆ ನೇರವಾಗಿ ಪ್ರಕರಣ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದವರು ‘ಕೇಸ್ ಸ್ಟೇಟಸ್’ ಒತ್ತಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆಯ್ದುಕೊಳ್ಳಬೇಕು.

ಜಿಲ್ಲೆ ಆರಿಸುವಾಗ ಎಚ್ಚರ. ಬೆಂಗಳೂರು ನಗರಕ್ಕೂ ಗ್ರಾಮಾಂತರಕ್ಕೂ ನ್ಯಾಯಾಂಗದ ಲೆಕ್ಕದಲ್ಲಿ ಪ್ರತ್ಯೇಕ ಜಿಲ್ಲೆಗಳು. ಆನೇಕಲ್ ಕಂದಾಯದ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಯದಾದರೂ ಅಲ್ಲಿನ ನ್ಯಾಯಾಲಯಗಳು ಗ್ರಾಮಾಂತರದ ಅಡಿಯಲ್ಲಿವೆ. ಜಿಲ್ಲೆಯ ಹೆಸರು ಬದಲಾಗಿದ್ದರೂ ಜಾಲತಾಣದ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿರಬಹುದು. ಬೆಂಗಳೂರು ನಗರದೊಳಗೂ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು, ಮೇಯೋ ಹಾಲ್, ಸಿಟಿ ಸಿವಿಲ್ ನ್ಯಾಯಾಲಯ, ಲಘು ವ್ಯವಹಾರಗಳ ನ್ಯಾಯಾಲಯ ಎಲ್ಲ ಬೇರೆ ಬೇರೆ ಸಂಕೀರ್ಣಗಳು. ಒಂದರಲ್ಲಿ ಸಿಗಲಿಲ್ಲವೆಂದರೆ ಇನ್ನೊಂದನ್ನೂ ನೋಡಲೇಬೇಕು.

ಚೆಕ್ ಬೌನ್ಸ್ ವಿಷಯವಾದರೆ ನಿಮ್ಮ ಊರಿನ ನ್ಯಾಯಾಲಯದಲ್ಲಿ ಹುಡುಕಿ ಕೂರಬೇಡಿ. 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ಖಾತೆಗೆ ಹಾಕಿಕೊಂಡವರ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿಯ ನ್ಯಾಯಾಲಯದಲ್ಲಿ ದೂರು ದಾಖಲಾಗುತ್ತದೆ. ರಾಯಚೂರಿನ ರೈತ ಟ್ರ್ಯಾಕ್ಟರ್ ಸಾಲಕ್ಕೆ ಕೊಟ್ಟ ಚೆಕ್ಕಿನ ಪ್ರಕರಣ ಬೆಂಗಳೂರಿನಲ್ಲಿ ಇರಬಹುದು. ಸಾಲ ಕೊಟ್ಟವರ ಖಾತೆ ಹೊರರಾಜ್ಯದಲ್ಲಿದ್ದರೆ ಚೆನ್ನೈ, ಮುಂಬೈಗಳಲ್ಲೂ ಇರಬಹುದು.

ಎಫ್‌ಐಆರ್ ಸಂಖ್ಯೆ ಇದ್ದವರು ‘ಎಫ್‌ಐಆರ್ ನಂಬರ್’ ಎಂಬ ಆಯ್ಕೆಯಲ್ಲಿ ಠಾಣೆಯನ್ನು ಆರಿಸಿ ಸಂಖ್ಯೆ ಮತ್ತು ವರ್ಷ ಕೊಡಿ. ಇದು ಎಲ್ಲಕ್ಕಿಂತ ಖಚಿತವಾದ ದಾರಿ, ಏಕೆಂದರೆ ಇಲ್ಲಿ ಹೆಸರಿನ ಕಾಗುಣಿತದ ರಗಳೆ ಇಲ್ಲ. ಆದರೆ ಖಾಸಗಿ ದೂರಿನ ಪ್ರಕರಣಗಳಿಗೆ ಸಾಮಾನ್ಯವಾಗಿ ಎಫ್‌ಐಆರ್ ಇರುವುದಿಲ್ಲ. ಚೆಕ್ ಬೌನ್ಸ್ ಪ್ರಕರಣ ಈ ಆಯ್ಕೆಯಲ್ಲಿ ಸಿಗುವುದಿಲ್ಲ.

ಹೆಸರಿನಿಂದ ಹುಡುಕುವವರಿಗೇ ತಾಳ್ಮೆ ಹೆಚ್ಚು ಬೇಕು. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗುವಾಗ ಪ್ರತಿ ಗುಮಾಸ್ತರ ಕೈಯಲ್ಲೂ ಒಂದೊಂದು ರೂಪ ತಾಳುತ್ತದೆ. ಮಂಜುನಾಥ ಎಂಬ ಹೆಸರಿನ ಕೊನೆಗೆ ‘ಎ’ ಇರಬಹುದು, ಇಲ್ಲದಿರಬಹುದು. ಶಿವಕುಮಾರ ಒಂದೇ ಪದವಾಗಿರಬಹುದು, ಎರಡಾಗಿ ಒಡೆದಿರಬಹುದು, ‘ಶ’ಕಾರದ ‘ಎಚ್’ ಬಿದ್ದುಹೋಗಿರಬಹುದು. ಬಸವರಾಜ, ಲಕ್ಷ್ಮೀ, ಫಕೀರಪ್ಪ ಎಲ್ಲರದೂ ಇದೇ ಪಾಡು. ಇನಿಷಿಯಲ್ ಹೆಸರಿನ ಮುಂದಿದೆಯೋ ಹಿಂದಿದೆಯೋ ಹೇಳಲಾಗದು. ಪೂರ್ತಿ ಹೆಸರು ಟೈಪ್ ಮಾಡುವ ಬದಲು ಎಲ್ಲ ರೂಪಗಳಿಗೂ ಸಾಮಾನ್ಯವಾದ ಮೊದಲ ನಾಲ್ಕೈದು ಅಕ್ಷರ ಹಾಕಿ. ಮನೆಯಲ್ಲಿ ಕರೆಯುವ ಹೆಸರಿದ್ದರೆ ಅದರಿಂದಲೂ ನೋಡಿ. ಪೊಲೀಸ್ ಕಾಗದಗಳಲ್ಲಿ ಅಲಿಯಾಸ್ ಎಂಬುದಕ್ಕೆ ಇಮೇಲ್ ವಿಳಾಸದಲ್ಲಿ ಬರುವ ‘@’ ಚಿಹ್ನೆ ಹಾಕುವ ರೂಢಿ ಇದೆ. ನ್ಯಾಯಾಲಯದ ಗಣಕಯಂತ್ರಕ್ಕೂ ಹೆಸರು ಹಾಗೆಯೇ ಸೇರಿರುತ್ತದೆ.

ವರ್ಷ ತುಂಬುವುದು ಕಡ್ಡಾಯ. ಘಟನೆ ನಡೆದ ವರ್ಷಕ್ಕೆ ನಿಲ್ಲದೆ ಮುಂದಿನ ವರ್ಷಗಳನ್ನೂ ಒಂದೊಂದಾಗಿ ಹಾಕಿ ನೋಡಿ. ದೋಷಾರೋಪ ಪಟ್ಟಿ ಸಲ್ಲಿಕೆಯಾಗಲು ವರ್ಷವೇ ಹಿಡಿಯಬಹುದು. ಸ್ಥಿತಿಯನ್ನು ಕೇಳುವಲ್ಲಿ ‘ಪೆಂಡಿಂಗ್’ ಎಂದಷ್ಟೇ ಬಿಡದೆ ‘ಬೋತ್’ ಎಂದು ಆರಿಸಿ.

ಇದಕ್ಕೆ ಬಲವಾದ ಕಾರಣವಿದೆ. ಐವರು ಆರೋಪಿಗಳಲ್ಲಿ ಒಬ್ಬರು ನಾಪತ್ತೆಯಾದರೆ ನ್ಯಾಯಾಲಯ ಉಳಿದ ನಾಲ್ವರ ವಿಚಾರಣೆಯನ್ನು ಅವರಿಗಾಗಿ ನಿಲ್ಲಿಸಿಕೊಂಡು ಕೂರುವುದಿಲ್ಲ. ಬಾರದವರ ಪ್ರಕರಣವನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡುತ್ತದೆ. ವಕೀಲರು ಇದನ್ನು ‘ಸ್ಪ್ಲಿಟ್ ಅಪ್ ಕೇಸ್’ ಎನ್ನುತ್ತಾರೆ. ಮೂಲ ಪ್ರಕರಣದಲ್ಲಿ ನಾಲ್ವರೂ ಖುಲಾಸೆಯಾಗಿ ಕಡತ ಮುಚ್ಚಿರುತ್ತದೆ. ‘ಕೇಸು ಬಿದ್ದುಹೋಯಿತಂತೆ’ ಎಂಬ ಸುದ್ದಿ ಊರೆಲ್ಲ ಹಬ್ಬಿರುತ್ತದೆ. ಐದನೆಯವರ ವಾರಂಟ್ ಮಾತ್ರ ಹೊಸ ಸಂಖ್ಯೆಯ ಅಡಿಯಲ್ಲಿ ಜೀವಂತವಾಗಿರುತ್ತದೆ. ಇಂಥವು ವರ್ಷಗಟ್ಟಲೆ ಎಳೆದಾಗ ಎಲ್‌ಪಿಸಿ, ಅಂದರೆ ಬಹುಕಾಲದಿಂದ ಬಾಕಿ ಇರುವ ಪ್ರಕರಣಗಳ ಸಾಲಿಗೆ ಸೇರುತ್ತವೆ. ‘ಹದಿನೈದು ವರ್ಷಗಳಿಂದ ತಲೆಮರೆಸಿಕೊಂಡಿದ್ದ ಆರೋಪಿ ಬಂಧನ’ ಎಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಸುದ್ದಿಗಳಲ್ಲಿ ಹಲವು ಈ ಬಗೆಯವೇ. ಅವರಲ್ಲಿ ಕೆಲವರು ನಿಜಕ್ಕೂ ತಲೆಮರೆಸಿಕೊಂಡವರು. ಇನ್ನು ಕೆಲವರು ಗೋವಾದಲ್ಲೋ ಪುಣೆಯಲ್ಲೋ ಕೂಲಿ ಮಾಡಿಕೊಂಡು, ಎಲ್ಲ ಮುಗಿದಿದೆ ಎಂದು ನಂಬಿದ್ದವರು.

ಪ್ರಕರಣ ತೆರೆದ ಮೇಲೆ ಓದಬೇಕಾದ ಜಾಗ

ಪ್ರಕರಣದ ಪುಟದಲ್ಲಿ ಅರ್ಜಿದಾರರ ಜಾಗದಲ್ಲಿ ಠಾಣೆಯ ಹೆಸರು ಇರುತ್ತದೆ, ಏಕೆಂದರೆ ಪೊಲೀಸ್ ಪ್ರಕರಣಗಳಲ್ಲಿ ದೂರುದಾರ ಸರ್ಕಾರವೇ. ಆರೋಪಿಗಳ ಪಟ್ಟಿಯಲ್ಲಿ ನಿಮ್ಮದು ಎಷ್ಟನೆಯ ಹೆಸರು ಎಂದು ಗುರುತು ಹಾಕಿಕೊಳ್ಳಿ. ಮೂರನೆಯದಾದರೆ ನೀವು ‘ಎ3’. ಮುಂದಿನ ಟಿಪ್ಪಣಿಗಳಲ್ಲಿ ಹೆಸರು ಬರುವುದು ಕಡಿಮೆ, ಈ ಗುರುತೇ ಬರುವುದು.

‘ಕೇಸ್ ಸ್ಟೇಜ್’ ಎಂಬಲ್ಲಿ ಪ್ರಕರಣ ಯಾವ ಹಂತದಲ್ಲಿದೆ ಎಂದಿರುತ್ತದೆ. ಅಲ್ಲಿ ‘ಎನ್‌ಬಿಡಬ್ಲ್ಯು’ ಎಂದಿದ್ದರೆ ಜಾಮೀನುರಹಿತ ವಾರಂಟ್, ‘ಬಿಡಬ್ಲ್ಯು’ ಎಂದಿದ್ದರೆ ಜಾಮೀನುಸಹಿತ ವಾರಂಟ್. ಆದರೆ ಹಂತದ ಹೆಸರನ್ನೇ ನೆಚ್ಚಬೇಡಿ. ‘ಎವಿಡೆನ್ಸ್’ ಎಂದು ಬರೆದಿರುವಾಗಲೂ ಒಬ್ಬ ಆರೋಪಿಯ ಮೇಲೆ ವಾರಂಟ್ ಬಾಕಿ ಇರಬಹುದು. ಕೆಳಗೆ ವಾಯಿದೆಗಳ ಕೋಷ್ಟಕ ಇದೆ. ಅದರಲ್ಲಿ ಪ್ರತಿ ದಿನಾಂಕವನ್ನು ಒತ್ತಿದರೆ ಆ ದಿನ ನ್ಯಾಯಾಲಯದಲ್ಲಿ ಏನು ನಡೆಯಿತು ಎಂಬ ಚುಟುಕು ಟಿಪ್ಪಣಿ ತೆರೆಯುತ್ತದೆ. ನಿಜವಾದ ಸಂಗತಿ ಇರುವುದು ಇಲ್ಲಿ. ಕೊನೆಯ ದಿನಾಂಕದಿಂದ ಹಿಂದಕ್ಕೆ ಓದುತ್ತ ಬನ್ನಿ.

ಟಿಪ್ಪಣಿ ಇಂಗ್ಲಿಷಿನಲ್ಲಿ, ಅದೂ ಸಂಕ್ಷೇಪಾಕ್ಷರಗಳಲ್ಲಿ ಇರುತ್ತದೆ. ‘ಎ3 ಆಬ್ಸೆಂಟ್, ಇ.ಪಿ. ಫೈಲ್ಡ್, ಅಲೌಡ್’ ಎಂದಿದ್ದರೆ ಆ ದಿನ ಬರಲಾಗದ್ದಕ್ಕೆ ವಕೀಲರು ವಿನಾಯಿತಿ ಅರ್ಜಿ ಕೊಟ್ಟಿದ್ದಾರೆ, ನ್ಯಾಯಾಲಯ ಒಪ್ಪಿದೆ, ಚಿಂತೆಯಿಲ್ಲ. ‘ನೋ ರೆಪ್ರೆಸೆಂಟೇಷನ್’ ಎಂದರೆ ನಿಮ್ಮ ಪರವಾಗಿ ಯಾರೂ ಎದ್ದು ನಿಲ್ಲಲಿಲ್ಲ. ಅದರ ಬೆನ್ನಿಗೇ ‘ಬೇಲ್ ಬಾಂಡ್ ಕ್ಯಾನ್ಸಲ್ಡ್, ಇಶ್ಯೂ ಎನ್‌ಬಿಡಬ್ಲ್ಯು ಟು ಎ3 ಅಂಡ್ ನೋಟಿಸ್ ಟು ಶ್ಯೂರಿಟಿ’ ಎಂದಿದ್ದರೆ ಕೆಲಸ ಕೆಟ್ಟಿದೆ: ಹಿಂದೆ ಪಡೆದ ಜಾಮೀನಿನ ಮುಚ್ಚಳಿಕೆ ರದ್ದಾಗಿದೆ, ನಿಮಗೆ ವಾರಂಟ್ ಹೊರಟಿದೆ, ನಿಮಗೆ ಜಾಮೀನು ನಿಂತವರಿಗೆ ನೋಟಿಸ್ ಹೋಗಿದೆ. ಪಹಣಿ ಕೊಟ್ಟು ಜಾಮೀನು ನಿಂತ ದೊಡ್ಡಪ್ಪನಿಗೆ ನಿಮಗಿಂತ ಮೊದಲು ವಿಷಯ ಮುಟ್ಟುವುದು ಹೀಗೆ.

ಚೆಕ್ ಪ್ರಕರಣಗಳಲ್ಲಿ ‘ಇಶ್ಯೂ ಎನ್‌ಬಿಡಬ್ಲ್ಯು, ಇಫ್ ಪಿ.ಎಫ್. ಪೇಯ್ಡ್’ ಎಂಬ ಸಾಲು ಮೇಲಿಂದ ಮೇಲೆ ಬರುತ್ತದೆ. ಪಿ.ಎಫ್. ಎಂದರೆ ಇಲ್ಲಿ ಭವಿಷ್ಯನಿಧಿಯಲ್ಲ, ದೂರುದಾರ ಕಟ್ಟಬೇಕಾದ ಆದೇಶಿಕೆ ಶುಲ್ಕ. ಅದನ್ನು ಕಟ್ಟದಿದ್ದರೆ ಆದೇಶವಾಗಿದ್ದರೂ ವಾರಂಟ್ ಕಾಗದ ಹೊರಟಿರುವುದಿಲ್ಲ. ‘ಎನ್‌ಬಿಡಬ್ಲ್ಯು ನಾಟ್ ರಿಟರ್ನ್ಡ್, ರೀಇಶ್ಯೂ’ ಎಂದರೆ ಹೋದ ವಾರಂಟ್ ಠಾಣೆಯಿಂದ ಮರಳಿಲ್ಲ, ಮತ್ತೊಂದು ಹೊರಡಿಸಲಾಗಿದೆ. ‘ಎಫ್‌ಎಲ್‌ಡಬ್ಲ್ಯು’ ಎಂದರೆ ದಂಡದ ಮೊತ್ತ ವಸೂಲಿಯ ವಾರಂಟ್. ‘ಎನ್‌ಬಿಡಬ್ಲ್ಯು ರೀಕಾಲ್ಡ್’ ಎಂದಿದ್ದರೆ ಆ ವಾರಂಟ್ ಹಿಂಪಡೆದಾಗಿದೆ.

ಜಾಮೀನುಸಹಿತ, ಜಾಮೀನುರಹಿತ ಎಂಬುದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ‘ನನ್ನದು ಬೇಲಬಲ್ ಕೇಸು, ನಾನ್-ಬೇಲಬಲ್ ವಾರಂಟ್ ಹೇಗೆ ಬರುತ್ತದೆ?’ ಎಂದು ವಾದಿಸುವವರನ್ನು ನೋಡಿದ್ದೇನೆ. ಅಪರಾಧದ ಸ್ವರೂಪ ಬೇರೆ, ವಾರಂಟಿನ ಸ್ವರೂಪ ಬೇರೆ. ಚೆಕ್ ಬೌನ್ಸ್ ಜಾಮೀನು ಸಿಗುವ ಅಪರಾಧವೇ. ಆದರೂ ಕರೆದಾಗ ಬಾರದವರಿಗೆ ನ್ಯಾಯಾಲಯ ಜಾಮೀನುರಹಿತ ವಾರಂಟ್ ಹೊರಡಿಸುತ್ತದೆ. ಜಾಮೀನುಸಹಿತ ವಾರಂಟಿನ ಮೇಲೆ, ಇಷ್ಟು ಮೊತ್ತದ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು ಎಂದು ನ್ಯಾಯಾಲಯವೇ ನಮೂದಿಸಿರುತ್ತದೆ, ಠಾಣೆಯಲ್ಲೇ ಬಿಡುಗಡೆ ಸಾಧ್ಯ. ಜಾಮೀನುರಹಿತವಾದರೆ ಹಿಡಿದವರು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ನ್ಯಾಯಾಲಯದ ಮುಂದೆ ನಿಲ್ಲಿಸಬೇಕು. ಮೊದಲು ಸಮನ್ಸ್, ಆಮೇಲೆ ಜಾಮೀನುಸಹಿತ ವಾರಂಟ್, ಕೊನೆಗೆ ಜಾಮೀನುರಹಿತ ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಒತ್ತಿ ಹೇಳಿದೆ.

ಜಾಲತಾಣದಲ್ಲಿ ಸಿಗದಿದ್ದರೆ

ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ಹಳೆಯ ಕಡತಗಳ ವಿವರ ಅರೆಬರೆಯಾಗಿ ಸೇರಿರಬಹುದು. ಪೋಕ್ಸೊ, ಲೈಂಗಿಕ ಅಪರಾಧಗಳಂಥ ಪ್ರಕರಣಗಳ ವಿವರವನ್ನು ಮರೆಮಾಚಿರುತ್ತಾರೆ. ಇಂದು ಆದ ಆದೇಶ ಜಾಲತಾಣಕ್ಕೆ ಏರಲು ಒಂದೆರಡು ದಿನ ಹಿಡಿಯಬಹುದು. ಗ್ರಾಹಕರ ಆಯೋಗವೂ ತನ್ನ ಆದೇಶ ಪಾಲಿಸದವರ ಮೇಲೆ ವಾರಂಟ್ ಹೊರಡಿಸಬಲ್ಲದು, ಅದರ ದಾಖಲೆ ಬೇರೆ ಜಾಲತಾಣದಲ್ಲಿದೆ. ಸಿವಿಲ್ ಡಿಕ್ರಿಯ ಹಣ ಕಟ್ಟದವರನ್ನು ಬಂಧಿಸಲು ಅಮಲ್ಜಾರಿ ಅರ್ಜಿಯಲ್ಲಿ, ಅಂದರೆ ಡಿಕ್ರಿಯನ್ನು ಜಾರಿಗೊಳಿಸಲು ಕೋರುವ ಅರ್ಜಿಯಲ್ಲಿ, ಹೊರಡುವ ವಾರಂಟನ್ನು ಹಿಡಿದು ಬರುವವರು ಪೊಲೀಸರಲ್ಲ, ನ್ಯಾಯಾಲಯದ ಅಮೀನರು. ಅದನ್ನು ಸಿವಿಲ್ ಪ್ರಕರಣಗಳಲ್ಲಿ ಹುಡುಕಬೇಕು.

ಆಗ ನ್ಯಾಯಾಲಯಕ್ಕೇ ಹೋಗುವುದು ಮೇಲು. ತಾಲ್ಲೂಕು ಕೇಂದ್ರದಲ್ಲಿ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’ ಎಂಬ ಫಲಕದ ಕಟ್ಟಡ ಯಾರಿಗೂ ಗೊತ್ತಿರುತ್ತದೆ. ನ್ಯಾಯಾಲಯದ ಹಾಲ್ ಹೊರಗೆ ಆ ದಿನದ ಪ್ರಕರಣಗಳ ಪಟ್ಟಿ ಅಂಟಿಸಿರುತ್ತಾರೆ; ಪ್ರಕರಣದ ಸಂಖ್ಯೆಯ ಎದುರು ಅದು ಯಾವ ಹಂತದಲ್ಲಿದೆ ಎಂದಿರುತ್ತದೆ. ಕಚೇರಿಯಲ್ಲಿ ಶಿರಸ್ತೇದಾರರನ್ನೋ ಆ ಕಡತ ನೋಡಿಕೊಳ್ಳುವ ಗುಮಾಸ್ತರನ್ನೋ ಕೇಳಬೇಕು. ಕಲಾಪ ನಡೆಯುತ್ತಿರುವ ಬೆಳಗಿನ ಹೊತ್ತು ಹೋದರೆ ಅವರಿಗೆ ಪುರುಸೊತ್ತಿರುವುದಿಲ್ಲ, ಊಟದ ಬಿಡುವಿನ ನಂತರ ಹೋಗಿ. ನಿಮ್ಮ ಮೇಲೆಯೇ ಜಾಮೀನುರಹಿತ ವಾರಂಟ್ ಇರಬಹುದೆಂಬ ಅನುಮಾನವಿದ್ದರೆ ಒಬ್ಬರೇ ವಿಚಾರಿಸಲು ಹೋಗುವುದಕ್ಕಿಂತ ಅದೇ ನ್ಯಾಯಾಲಯದಲ್ಲಿ ಕೆಲಸ ಮಾಡುವ ವಕೀಲರೊಬ್ಬರಿಂದ ನೋಡಿಸುವುದು ಜಾಣತನ. ಅವರ ಗುಮಾಸ್ತರಿಗೆ ಇದು ಹತ್ತು ನಿಮಿಷದ ಕೆಲಸ.

ಬರವಣಿಗೆಯಲ್ಲಿ ಬೇಕೆಂದರೆ ಆರ್ಡರ್ ಶೀಟ್‌ನ, ಅಂದರೆ ಪ್ರತಿ ವಾಯಿದೆಯ ಆದೇಶ ಬರೆದಿಡುವ ಹಾಳೆಯ, ದೃಢೀಕೃತ ಪ್ರತಿಗೆ ನಕಲು ಅರ್ಜಿ ಹಾಕಬೇಕು. ಪ್ರಕರಣದ ಪಕ್ಷಗಾರರಿಗೆ ಅದು ಸುಲಭವಾಗಿ ಸಿಗುತ್ತದೆ. ಮೂರನೆಯವರು ಏಕೆ ಬೇಕೆಂದು ಕಾರಣ ಕೊಟ್ಟು ನ್ಯಾಯಾಲಯದ ಒಪ್ಪಿಗೆ ಪಡೆಯಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಈ ಕೆಲಸಕ್ಕೆ ಬಾರದು. ನ್ಯಾಯಾಲಯದ ಕಡತದ ಪ್ರತಿಗಳನ್ನು ನ್ಯಾಯಾಲಯದ ನಿಯಮಗಳ ಪ್ರಕಾರವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತ್ ಹೈಕೋರ್ಟ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿದೆ.

ವಕೀಲರನ್ನು ಇಡುವ ಶಕ್ತಿ ಇಲ್ಲದವರಿಗೆ ಅದೇ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ, ಜಿಲ್ಲಾ ಕೇಂದ್ರದಲ್ಲಿ ಪ್ರಾಧಿಕಾರ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ನಿಗದಿತ ಮಿತಿಗಿಂತ ಕಡಿಮೆ ವರಮಾನದವರು ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಠಾಣೆಯ ದಾರಿ

ಪ್ರತಿ ಠಾಣೆಯಲ್ಲೂ ನ್ಯಾಯಾಲಯದ ಕರ್ತವ್ಯಕ್ಕೆಂದು ನೇಮಿಸಿದ ಕಾನ್‌ಸ್ಟೇಬಲ್ ಇರುತ್ತಾರೆ. ಸಮನ್ಸ್, ವಾರಂಟ್‌ಗಳ ಕಟ್ಟು ನ್ಯಾಯಾಲಯದಿಂದ ಠಾಣೆಗೆ ಬರುವುದು ಅವರ ಕೈಯಲ್ಲೇ. ಯಾವ ಹೆಸರಿಗೆ ಯಾವ ವಾರಂಟ್ ಬಾಕಿ ಎಂಬುದು ಅವರಿಗೆ ಬಾಯಿಪಾಠ. ಪರಿಚಯವಿದ್ದರೆ ಹೇಳಿಯಾರು, ಆದರೆ ಹೇಳಲೇಬೇಕೆಂಬ ಬಾಧ್ಯತೆ ಅವರಿಗಿಲ್ಲ. ಜಾಮೀನುರಹಿತ ವಾರಂಟ್ ಇದ್ದರೆ ಕೇಳಲು ಬಂದವರನ್ನು ಅಲ್ಲಿಯೇ ಕೂರಿಸಿಕೊಳ್ಳುವುದು ಅವರ ಕರ್ತವ್ಯವೂ ಹೌದು.

‘ಇಲ್ಲೇ ಮುಗಿಸಿಬಿಡೋಣ, ವಾರಂಟ್ ವಾಪಸ್ ಕಳಿಸುತ್ತೇನೆ’ ಎಂದು ಯಾರಾದರೂ ಕೈ ಚಾಚಿದರೆ ನಂಬಬೇಡಿ. ಠಾಣೆಗೆ ವಾರಂಟ್ ರದ್ದು ಮಾಡುವ ಅಧಿಕಾರವಿಲ್ಲ. ‘ಆಸಾಮಿ ಸಿಗಲಿಲ್ಲ’ ಎಂದು ಷರಾ ಬರೆದು ಕಳಿಸಿದರೆ ನ್ಯಾಯಾಲಯ ಮತ್ತೊಂದನ್ನು ಹೊರಡಿಸುತ್ತದೆ, ಕ್ರಮೇಣ ಉದ್ಘೋಷಣೆಗೆ ಹೋಗುತ್ತದೆ: ಕನಿಷ್ಠ 30 ದಿನಗಳ ಗಡುವು ಕೊಟ್ಟು, ಮನೆಯ ಗೋಡೆಗೆ ಪ್ರತಿ ಅಂಟಿಸಿ, ಆಸ್ತಿ ಜಪ್ತಿಗೆ ದಾರಿ ಮಾಡುವ ಹಂತ ಅದು. ಕೊಟ್ಟ ಹಣ ತೊಂದರೆಯನ್ನು ದೊಡ್ಡದು ಮಾಡಿತು, ಅಷ್ಟೆ.

ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಪ್ರತಿಗಳನ್ನು ಹುಡುಕಬಹುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಅಲ್ಲಿ ವಾರಂಟ್ ಸಿಗದು, ಆದರೆ ಸಂಖ್ಯೆ ಮತ್ತು ದಿನಾಂಕ ಸಿಕ್ಕರೆ ಇ-ಕೋರ್ಟ್ಸ್ ಹುಡುಕಾಟ ಹಗುರಾಗುತ್ತದೆ.

ಹೊರದೇಶದಲ್ಲಿರುವವರು ಇಷ್ಟಕ್ಕೇ ನಿಲ್ಲಬಾರದು. ವಾರಂಟ್ ಅಥವಾ ಸಮನ್ಸ್ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಬಹುದು, ಇರುವುದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ವಿಮಾನ ನಿಲ್ದಾಣದಲ್ಲಿ ತಡೆಯುವ ಲುಕ್‌ಔಟ್ ಸುತ್ತೋಲೆಯನ್ನು ಸಾರ್ವಜನಿಕರು ನೋಡಲಾಗದು. ಪ್ರಕರಣದ ಸ್ಥಿತಿ ನೋಡುವುದೊಂದೇ ಮುನ್ಸೂಚನೆ. ಊರಿಗೆ ಬರುವ ಟಿಕೆಟ್ ಕಾಯ್ದಿರಿಸುವ ಮುಂಚೆ ಅದನ್ನು ನೋಡಿ.

ವಾಟ್ಸ್‌ಆ್ಯಪ್‌ಗೆ ಬಂದ ವಾರಂಟ್

ಲಾಂಛನ, ಮೊಹರು, ಕೆಂಪು ಸಹಿ ಎಲ್ಲ ಇರುವ ‘ಅರೆಸ್ಟ್ ವಾರಂಟ್’ ಒಂದು ಮೊಬೈಲ್‌ಗೆ ಬರುತ್ತದೆ. ಹಿಂದೆಯೇ ವಿಡಿಯೊ ಕರೆಯಲ್ಲಿ ಸಮವಸ್ತ್ರಧಾರಿಯೊಬ್ಬ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾನೆ, ಹಣ ವರ್ಗಾಯಿಸಲು ಹೇಳುತ್ತಾನೆ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ನಿಜವಾದ ವಾರಂಟ್ ಲಿಖಿತವಾಗಿರಬೇಕು, ನ್ಯಾಯಾಧೀಶರ ಸಹಿ ಮತ್ತು ನ್ಯಾಯಾಲಯದ ಮೊಹರು ಇರಬೇಕು. ಅದನ್ನು ಹಿಡಿದು ಬಂದ ಅಧಿಕಾರಿ ಅದರ ಸಾರಾಂಶ ತಿಳಿಸಬೇಕು, ಕೇಳಿದರೆ ತೋರಿಸಬೇಕು. ಅನುಮಾನವಿದ್ದರೆ ಅದರಲ್ಲಿರುವ ಪ್ರಕರಣ ಸಂಖ್ಯೆ ಮತ್ತು ನ್ಯಾಯಾಲಯದ ಹೆಸರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ನೋಡಿ. ಮೋಸಗಾರರ ಕಾಗದದಲ್ಲಿ ಬಹುತೇಕ ಒಂದು ತನಿಖಾ ಸಂಸ್ಥೆಯ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಹುಡುಕಬಹುದಾದ ಪ್ರಕರಣ ಸಂಖ್ಯೆ ಇರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಬೇರೆಯವರ ಹೆಸರು ಹುಡುಕುವವರಿಗೆ

ಮನೆ ಬಾಡಿಗೆಗೆ ಕೇಳಿದವರು, ವರನ ಕಡೆಯವರು, ವ್ಯಾಪಾರದಲ್ಲಿ ಪಾಲುದಾರರಾಗುವವರು ಎಂದು ಬೇರೆಯವರ ಹೆಸರನ್ನು ಹುಡುಕುವುದಕ್ಕೆ ಅಡ್ಡಿಯಿಲ್ಲ, ದಾಖಲೆ ಎಲ್ಲರಿಗೂ ತೆರೆದಿದೆ. ಆದರೆ ಒಂದೇ ತಾಲ್ಲೂಕಿನಲ್ಲಿ ಅದೇ ಹೆಸರಿನ, ಅದೇ ಇನಿಷಿಯಲ್‌ನ ಹತ್ತು ಜನ ಇರುತ್ತಾರೆ. ತಂದೆಯ ಹೆಸರು ಮತ್ತು ಊರು ಹೊಂದದೆ ಯಾವ ತೀರ್ಮಾನಕ್ಕೂ ಬರಬೇಡಿ. ಸಾಕ್ಷಿ ಹೇಳಲು ಬಾರದವರಿಗೂ ವಾರಂಟ್ ಹೊರಡುತ್ತದೆ. ಪರದೆಯ ಚಿತ್ರ ತೆಗೆದು ಊರಿನ ಗುಂಪುಗಳಿಗೆ ಹಂಚುವ ಚಟ ಕೆಲವರಿಗಿದೆ. ಅವರ ಮೇಲೆ ಮಾನನಷ್ಟದ ಖಾಸಗಿ ದೂರು ದಾಖಲಾಗಿ, ಮುಂದೊಂದು ದಿನ ಅವರ ಹೆಸರನ್ನೇ ಬೇರೆಯವರು ಹುಡುಕುವಂತಾಗಬಹುದು.

ಇದೆ ಎಂದು ಗೊತ್ತಾದ ಮೇಲೆ

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 72ರ ಪ್ರಕಾರ, ವಾರಂಟ್ ಜಾರಿಯಾಗುವವರೆಗೆ ಅಥವಾ ಹೊರಡಿಸಿದ ನ್ಯಾಯಾಲಯ ರದ್ದು ಮಾಡುವವರೆಗೆ ಊರ್ಜಿತ. ಅವಧಿ ಮುಗಿದು ತಾನಾಗಿ ಸಾಯುವುದಿಲ್ಲ. 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳಲ್ಲಿ ಇದನ್ನೇ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 70 ಎಂದು ಬರೆದಿರುತ್ತಾರೆ; ವಾರಂಟ್ ಹಿಂಪಡೆಯಲು ಕೋರುವ ಅರ್ಜಿಗೆ ವಕೀಲರ ಬಾಯಲ್ಲಿ ಇಂದಿಗೂ ‘70(2) ಅರ್ಜಿ’ ಎಂಬ ಮಾತು ಹೋಗಿಲ್ಲ.

ಮುಂದಿನ ವಾಯಿದೆ ಮೂರು ತಿಂಗಳ ಆಚೆ ಇದ್ದರೆ ಅಲ್ಲಿಯವರೆಗೆ ಅಡಗಿ ಕೂರಬೇಕಾಗಿಲ್ಲ. ಪ್ರಕರಣವನ್ನು ಮುಂಚಿತವಾಗಿ ತೆಗೆದುಕೊಳ್ಳಲು ಒಂದು ಅರ್ಜಿ, ವಾರಂಟ್ ಹಿಂಪಡೆಯಲು ಇನ್ನೊಂದು ಅರ್ಜಿ ಹಾಕಿ ನೀವೇ ನ್ಯಾಯಾಲಯದಲ್ಲಿ ಹಾಜರಾಗಬಹುದು. ಬರಲಾಗದ್ದಕ್ಕೆ ಕಾರಣವನ್ನು ಕಾಗದ ಸಮೇತ ತೋರಿಸಿ: ಆಸ್ಪತ್ರೆಯ ಬಿಡುಗಡೆ ಚೀಟಿ, ವಿಳಾಸ ಬದಲಾದದ್ದಕ್ಕೆ ಬಾಡಿಗೆ ಕರಾರು, ಹೊರಗೆ ಕೆಲಸದಲ್ಲಿದ್ದುದಕ್ಕೆ ದಾಖಲೆ. ಜಾಮೀನುದಾರರನ್ನು ಅಂದೇ ಜೊತೆಗೆ ಕರೆದೊಯ್ಯಿರಿ. ಅವರ ಬಳಿ ಆಧಾರ್ ಮತ್ತು ಇತ್ತೀಚಿನ ಪಹಣಿ ಅಥವಾ ಮನೆಯ ಖಾತೆ, ಕಂದಾಯ ರಶೀದಿ ಇರಲಿ. ನ್ಯಾಯಾಲಯ ಒಂದಿಷ್ಟು ವೆಚ್ಚ ವಿಧಿಸಿ ಹೊಸ ಮುಚ್ಚಳಿಕೆ ಬರೆಸಿಕೊಂಡು ವಾರಂಟ್ ಹಿಂಪಡೆಯಬಹುದು, ಪದೇ ಪದೇ ತಪ್ಪಿಸಿಕೊಂಡವರ ಅರ್ಜಿಯನ್ನು ತಳ್ಳಿಹಾಕಿ ಬಂಧನಕ್ಕೆ ಒಪ್ಪಿಸಲೂಬಹುದು. ತಾವಾಗಿ ಬಂದವರನ್ನು ನ್ಯಾಯಾಧೀಶರು ನೋಡುವ ರೀತಿಗೂ ಪೊಲೀಸರು ಹಿಡಿದು ತಂದವರನ್ನು ನೋಡುವ ರೀತಿಗೂ ಬಹಳ ಅಂತರವಿದೆ. ಜೀವನಾಂಶದ ಬಾಕಿಗೆ ಹೊರಟ ವಾರಂಟ್ ಆದರೆ ಬರಿಗೈಯಲ್ಲಿ ಹೋಗಬೇಡಿ. ಬಾಕಿಯ ಒಂದಷ್ಟಾದರೂ ಕಟ್ಟದೆ ಅರ್ಜಿ ನಿಲ್ಲುವುದು ಕಷ್ಟ.

ಆದೇಶವಾದ ಮೇಲೂ ಕೆಲಸ ಪೂರ್ತಿಯಾಗಿರುವುದಿಲ್ಲ. ನ್ಯಾಯಾಲಯ ಹಿಂಪಡೆದದ್ದು ಠಾಣೆಗೆ ತಿಳಿಯಬೇಕು. ಹಳೆಯ ವಾರಂಟ್ ಕಾಗದ ಇನ್ನೂ ಯಾರದೋ ಕಡತದಲ್ಲಿರುತ್ತದೆ. ಮಧ್ಯೆ ಪೊಲೀಸರ ವರ್ಗಾವಣೆಯಾಗಿ ಹೊಸಬರು ಬಂದರೆ ಅದೇ ಕಾಗದ ಹಿಡಿದು ಮನೆಗೆ ಬಂದಾರು. ಆದ್ದರಿಂದ ಠಾಣೆಗೆ ತಿಳಿವಳಿಕೆ ಪತ್ರ ಕಳಿಸುವಂತೆ ವಕೀಲರ ಮೂಲಕ ಕೋರಿ, ಜಾರಿಯಾಗದ ವಾರಂಟನ್ನು ವಾಪಸ್ ತರಿಸಿಕೊಳ್ಳಲು ಹೇಳಿ. ಹಿಂಪಡೆದ ಆದೇಶದ ದೃಢೀಕೃತ ಪ್ರತಿಯನ್ನು ಮನೆಯಲ್ಲಿ ಒಂದು, ಮೊಬೈಲ್‌ನಲ್ಲಿ ಚಿತ್ರವಾಗಿ ಒಂದು ಇಟ್ಟುಕೊಳ್ಳಿ. ವಾರದ ನಂತರ ಇ-ಕೋರ್ಟ್ಸ್ ತೆರೆದು ಆ ದಿನದ ಟಿಪ್ಪಣಿಯಲ್ಲಿ ‘ರೀಕಾಲ್ಡ್’ ಎಂಬುದು ನಿಮ್ಮ ಆರೋಪಿ ಸಂಖ್ಯೆಯ ಎದುರಿಗೇ ದಾಖಲಾಗಿದೆಯೇ ನೋಡಿ, ಮುಂದಿನ ವಾಯಿದೆಯ ದಿನಾಂಕ ಬರೆದುಕೊಳ್ಳಿ. ವಿಳಾಸ ಬದಲಾಗಿದ್ದರೆ ಹೊಸ ವಿಳಾಸದ ಮೆಮೊ ಅಂದೇ ಕೊಟ್ಟು ಬನ್ನಿ.